ಕಾರ್ತಿಕದಲ್ಲಿ ಕಟ್ಟಿದ ಚೂಡಿ

ಪ್ರಫುಲ್ಲಾ ಕಾಮತ್ ಹಟಮಾರಿ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಕಡೆ ಯಾರ ಬಗ್ಗೆ ಬರೆಯಲು ಕುಳಿತರೂ ಸಾಧು ಸ್ವಭಾವ, ನಗುಮುಖ, ದೈವಭಕ್ತಿ ಎಂದು ಶುರು ಮಾಡಿ, ಬದುಕಿರುವವರನ್ನೂ ಹಾರ ಹಾಕಿದ ಫೋಟೋದೊಳಗೆ ಕೂರಿಸಿಬಿಡುತ್ತಾರೆ. ಈಕೆ ಗಟ್ಟಿಮುಟ್ಟಾಗಿ ಬದುಕಿದ್ದಾರೆ. ಕುಕ್ಕುಂದೂರಿನಲ್ಲಿ ಅವರಿಗೂ ನಮಗೂ ನಡುವೆ ಒಂದೇ ಕಂಪೌಂಡ್ ಗೋಡೆ. ನಾನು ಬೆನೆಡಿಕ್ಟಾ, ಕಾರ್ಕಳದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅವರ ಕೊಂಕಣಿ ಬೇರೆ, ನಮ್ಮ ಕ್ರಿಸ್ತುವರ ಕೊಂಕಣಿ ಬೇರೆ. ಆದರೆ ಜಗಳವಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಪ್ರಫುಲ್ಲಕ್ಕ ಹುಟ್ಟಿದ್ದು ಕಾಪುವಿನಲ್ಲಿ, ಸಮುದ್ರದ ಸದ್ದು ಮನೆಯೊಳಗೆ ಕೇಳುವಷ್ಟು ಹತ್ತಿರ. ಅಲ್ಲಿನ ಮರಳಿನಲ್ಲಿ ಅವರ ತಾಯಿ ಹೇಗೋ ಬದುಕಿಸಿಕೊಂಡಿದ್ದ ರತ್ನಗಂಧಿ ಗಿಡದ ಬೀಜವನ್ನು ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದರಂತೆ. ಗಂಡ ಪುಂಡಲೀಕ ಕಾಮತರಿಗೆ ಕಾರ್ಕಳ ಪೇಟೆಯಲ್ಲಿ ಜೀನಸಿನ ಅಂಗಡಿ. ಮಾತು ಕಡಿಮೆಯ ಮನುಷ್ಯ. ಆ ಮನೆಯಲ್ಲಿ ಮಾತಿಗೆ ಬರಗಾಲವೇನೂ ಇರಲಿಲ್ಲ, ಹೆಂಡತಿ ಇಬ್ಬರ ಪಾಲನ್ನೂ ಆಡುತ್ತಿದ್ದರು.

ಒಮ್ಮೆ ಮಾತ್ರ ಕಾಮತರು ತಾವಾಗಿಯೇ ಒಂದು ತೀರ್ಮಾನ ಮಾಡಿದರು. ನಮ್ಮ ಓಣಿಯಲ್ಲಿ ಎಲ್ಲರೂ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತಿದ್ದ ಸಮಯ. ಕೆಸರಿಲ್ಲ, ಕಳೆ ಕೀಳುವ ಕೆಲಸವಿಲ್ಲ, ಕಾರು ಮನೆಯ ಮೆಟ್ಟಿಲಿನವರೆಗೆ ಬರುತ್ತದೆ. ಕಾಮತರೂ ಜನ ಗೊತ್ತುಮಾಡಿ ಕಲ್ಲು ತರಿಸಿದರು. ಕೆಲಸದವರು ಬಂದಾಗ ಪ್ರಫುಲ್ಲಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗಿಡಗಳ ನಡುವೆ ಹಾಕಿಕೊಂಡು ಕುಳಿತರು. "ಹಾಸಿ ಮಾರಾಯರೇ, ನನ್ನ ಮೇಲೆಯೇ ಹಾಸಿ" ಎಂದರು. ಕೆಲಸದವರು ಚಹಾ ಕುಡಿದು ಹೋದರು. ಆ ಕಲ್ಲುಗಳು ನಮ್ಮ ಮನೆಯ ಹಿಂದೆ ಕೋಳಿಗೂಡಿನ ಕೆಳಗೆ ಇಂದಿಗೂ ಉಂಟು. ನನ್ನ ಗಂಡ ಫೌಸ್ಟಿನ್‌ಗೆ ಪುಕ್ಕಟೆ ಸಿಕ್ಕಿದ್ದು ಯಾವತ್ತೂ ಬೇಡ ಅನ್ನಿಸಿದ್ದಿಲ್ಲ.

ಹೀಗಾಗಿ ಇಡೀ ಓಣಿಯಲ್ಲಿ ಮಣ್ಣು ಕಾಣುವ ಅಂಗಳ ಅವರದೊಂದೇ ಉಳಿಯಿತು. ರತ್ನಗಂಧಿ, ಶಂಖಪುಷ್ಪ, ಕರವೀರ, ಕೇಪಳ, ಮಿಠಾಯಿ ಹೂ ಎಂದು ಅವರು ಕರೆಯುವ ಲಾಂಟಾನಾ, ಗೋಡೆಯ ಬದಿಗೆ ನಿಂಬೆ, ಕರಿಬೇವು. ಇವುಗಳ ಕಾಲ ಬುಡದಲ್ಲಿ ಗರಿಕೆ ಮತ್ತು ಹೆಸರೇ ಗೊತ್ತಿಲ್ಲದ ನೂರು ಕಳೆ. ನಮಗೆ ಹೆಸರು ಗೊತ್ತಿಲ್ಲ, ಅವರಿಗೆ ಗೊತ್ತು. ಒಂದು ಕಾಗೆಯ ಕಣ್ಣು, ಇನ್ನೊಂದು ಬೆಕ್ಕಿನ ಉಗುರು.

ಈ ಕಳೆಗಳಿಗೂ ಬೆಲೆ ಬರುವ ತಿಂಗಳು ಶ್ರಾವಣ. ಗೌಡ ಸಾರಸ್ವತರ ಮನೆಗಳಲ್ಲಿ ಶ್ರಾವಣದ ಶುಕ್ರವಾರ ಮತ್ತು ಭಾನುವಾರ ಮುತ್ತೈದೆಯರು ಬೆಳಕು ಹರಿಯುವ ಹೊತ್ತಿಗೆ ಅಂಗಳಕ್ಕಿಳಿದು ಹೂ, ಗರಿಕೆ, ಕಳೆಗಳ ಕುಡಿ ಎಲ್ಲ ಕೊಯ್ದು ತಂದು, ನೆನೆಸಿದ ಬಾಳೆನಾರಿನಿಂದ ಬೆರಳುದ್ದದ ಪುಟ್ಟ ಗೊಂಚಲು ಕಟ್ಟುತ್ತಾರೆ. ಅದಕ್ಕೆ ಚೂಡಿ ಎನ್ನುತ್ತಾರೆ. ತುಳಸಿಗಿಟ್ಟು, ಹೊಸ್ತಿಲಿಗಿಟ್ಟು, ಗಂಡನಿಗೆ ಕೊಟ್ಟು ನಮಸ್ಕರಿಸಿ, ತಾವೂ ಮುಡಿದು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ದೂರದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ತಲುಪುವಾಗ ಹೂ ಬಾಡಿ ಸೊಪ್ಪಾಗಿರುತ್ತದೆ, ಆದರೂ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಬಾಡುವ ಹೂವಿಗೆ ಸ್ಟಾಂಪ್ ಅಂಟಿಸಿ ಕಳಿಸುವ ಜನ ಇವರು ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ನಿಜ ಹೇಳಬೇಕೆಂದರೆ ಅವರ ಪದ್ಧತಿಗಳಲ್ಲಿ ನನಗೆ ಹೊಟ್ಟೆಕಿಚ್ಚು ಬರುವುದು ಇದೊಂದರ ಮೇಲೆ.

ಓಣಿಯ ಅಷ್ಟೂ ಮನೆಗಳ ಚೂಡಿಗೆ ಹೂ ಹೋಗುತ್ತಿದ್ದದ್ದು ಪ್ರಫುಲ್ಲಕ್ಕನ ಅಂಗಳದಿಂದ. ಅವರ ಒಬ್ಬಳೇ ಮಗಳು ವಿಜೇತಾಗೆ ಮಣಿಪಾಲದಲ್ಲಿ ಬ್ಯಾಂಕಿನ ಕೆಲಸ, ಅಲ್ಲಿಯೇ ಈಶ್ವರನಗರದಲ್ಲಿ ಗಂಡನ ಮನೆ. ಬಸ್ಸು ಹತ್ತಿದರೆ ಗಂಟೆಯೊಳಗೆ ತಲುಪುವ ದಾರಿ. ಆದರೂ ಅವಳು ಮದುವೆಯಾದ ವರ್ಷದಿಂದ ಪ್ರತಿ ಶ್ರಾವಣದಲ್ಲಿ ತಾಯಿಯ ಚೂಡಿ ಅಂಚೆಯಲ್ಲೇ ಹೋಗಬೇಕು. "ಕೈಯಲ್ಲಿ ಕೊಟ್ಟರೆ ತೆಗೆದಿಡುತ್ತಾಳೆ. ಲಕೋಟೆ ಬಂದರೆ ಕಾದು ಒಡೆಯುತ್ತಾಳೆ" ಎನ್ನುತ್ತಿದ್ದರು.

ಕಳೆದ ವರ್ಷದ ಚಳಿಗಾಲದಲ್ಲಿ ಕಾಮತರು ಅಂಗಡಿಯ ಗಲ್ಲಾದ ಮುಂದೆ ಕುಳಿತಲ್ಲೇ ಹೋಗಿಬಿಟ್ಟರು.

ಈಗಿನ ಕಾಲದಲ್ಲಿ ಗಂಡ ಸತ್ತವಳಿಗೆ ಯಾರೂ ಏನೂ ಹೇಳುವುದಿಲ್ಲ ಎನ್ನುತ್ತಾರೆ. ಹೌದು, ಯಾರೂ ಹೇಳಲಿಲ್ಲ. ಬಣ್ಣದ ಸೀರೆ ಉಡಬೇಡ ಎಂದು ಹೇಳಲಿಲ್ಲ, ಬೊಟ್ಟು ಇಡಬೇಡ ಎಂದೂ ಹೇಳಲಿಲ್ಲ. ಪ್ರಫುಲ್ಲಕ್ಕ ಎರಡನ್ನೂ ಬಿಡಲಿಲ್ಲ. ಓಣಿಯವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು, ನಮ್ಮದು ಎಷ್ಟು ಮುಂದುವರಿದ ಓಣಿ ಎಂದು. ಹಾಗೆಯೇ ಶ್ರಾವಣ ಬಂತು.

ಮೊದಲ ಶುಕ್ರವಾರದ ಹಿಂದಿನ ಸಂಜೆ ವಿಜೇತಾಳ ಫೋನು. ಪ್ರಫುಲ್ಲಕ್ಕ ನಮ್ಮ ಜಗಲಿಯಲ್ಲಿ ಕುಳಿತಿದ್ದರು, ಸ್ಪೀಕರ್ ಹಾಕಿ ಮಾತಾಡುವುದು ಅವರ ಅಭ್ಯಾಸ. ಆದ್ದರಿಂದ ನಾನೂ ಕೇಳಿದೆ.

"ಅಮ್ಮಾ, ಈ ಸಲ ಲಕೋಟೆ ಕಳಿಸಬೇಡ ಆಯ್ತಾ? ಅತ್ತೆಗೆ ಸರಿ ಬರುವುದಿಲ್ಲ. ಅವರು ಜಗಳ ಎಲ್ಲ ಮಾಡಲಿಲ್ಲ, ಸುಮ್ಮನೆ ಹೇಳಿದರು. ನಿನಗೆ ಬೇಸರ ಇಲ್ಲ ಅಲ್ವಾ?"

"ಇಲ್ಲ" ಎಂದರು ಪ್ರಫುಲ್ಲಕ್ಕ. ಅವರು ಹಾಗೆ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರು ತಟ್ಟೆ ಹಿಡಿದು ಬಂದರು. ಮುಂದೆ ನಿಂತವರು ಎದುರು ಮನೆಯ ಶಾಂತೇರಿ ಪೈ. ಗೇಟಿನ ಹೊರಗಿನಿಂದಲೇ, "ಪ್ರಫುಲ್ಲಾ, ನೀನು ಒಳಗೇ ಇರು ಮಾರಾಯ್ತಿ, ಯಾಕೆ ತೊಂದರೆ? ನಾವೇ ಕೊಯ್ದುಕೊಂಡು ಹೋಗುತ್ತೇವೆ" ಎಂದರು. ಕೇಳುವವರಿಗೆ ಎಷ್ಟು ದಯೆಯ ಮಾತು! ಅರ್ಥ ಇಷ್ಟೇ: ಪೂಜೆಗೆ ಹೊರಟವರಿಗೆ ವಿಧವೆಯ ಮುಖ ಎದುರಾಗಬಾರದು. ಹೂ ಬೇಕು, ಗಿಡ ನೆಟ್ಟವಳ ಮುಖ ಬೇಡ. ನಾನು ಗೋಡೆಯ ಈಚೆ ಪೊರಕೆ ಹಿಡಿದು ನಿಂತವಳು ಆ ಪೊರಕೆಗೆ ಬೇರೆ ಕೆಲಸ ಕೊಡುವ ಮನಸ್ಸಾಗಿ ಕಷ್ಟಪಟ್ಟು ತಡೆದುಕೊಂಡೆ. ಪ್ರಫುಲ್ಲಕ್ಕ ಒಳಗೇ ಇದ್ದರು. ಬಾಗಿಲು ಅರ್ಧ ತೆರೆದಿತ್ತು. ಹೆಂಗಸರು ಅಂಗಳ ಬೋಳು ಮಾಡಿಕೊಂಡು ಹೋದರು.

ಭಾನುವಾರ ಮತ್ತೆ ತಟ್ಟೆ ಹಿಡಿದು ಬಂದಾಗ ಗೇಟಿಗೆ ಬೀಗ. ಅಂಗಡಿಯ ಶಟರಿಗೆ ಹಾಕುತ್ತಿದ್ದ, ಅಂಗೈ ಅಗಲದ ಹಿತ್ತಾಳೆಯ ಬೀಗ.

"ಪ್ರಫುಲ್ಲಾ! ಇದೆಂತ? ದೇವರ ಹೂವಿಗೆ ಬೀಗ ಹಾಕುವುದುಂಟಾ?"

ಒಳಗಿನಿಂದ ಉತ್ತರ ಬಂತು, ಕೊಂಕಣಿಯಲ್ಲಿ ಅತ್ತಿಗೆಯನ್ನು ಕರೆಯುವ ಹಾಗೆ ವನ್ನೀ ಎಂದು ಕರೆದು. "ನಾನು ಒಳಗೇ ಇದ್ದೇನೆ ಶಾಂತೇರಿ ವನ್ನೀ, ನೀವು ಹೇಳಿದ ಹಾಗೆ. ದೇವರಿಗೆ ಬೇಕಿದ್ದರೆ ಗೋಡೆ ಹಾರಿ ಬರಲಿ."

ಅದೇ ಹೊತ್ತಿಗೆ ನಮ್ಮ ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಹುಟ್ಟುಹಬ್ಬದ, ಮುಂಚಿನ ಒಂಬತ್ತು ದಿನಗಳ ನೊವೆನಾ ಶುರುವಾಯಿತು. ನಮ್ಮ ಇಗರ್ಜಿಯ ಮಕ್ಕಳು ದಿನವೂ ಮರಿಯಮ್ಮನಿಗೆ ಬುಟ್ಟಿಯಲ್ಲಿ ಹೂ ಕೊಂಡುಹೋಗಬೇಕು. ನನಗಂತೂ ಇಲ್ಲ ಅನ್ನಲಾರರು ಎಂದುಕೊಂಡು ಗೋಡೆಯಾಚೆ ಕೈ ಚಾಚಿದೆ. "ಟೀಚರೇ, ಕೈ ಹಿಂದೆ ತೆಗೆದುಕೊಳ್ಳಿ. ನಮ್ಮವರಿಗೆ ಕೊಡದೆ ನಿಮ್ಮವರಿಗೆ ಕೊಟ್ಟರೆ ನಾಳೆ ಅದು ರಾಜಕೀಯ ಆಗುತ್ತದೆ. ಈ ವರ್ಷ ಯಾವ ದೇವರಿಗೂ ಇಲ್ಲ" ಎಂದರು. ನನಗೆ ಕೋಪ ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರು ಹಾಗಲಕಾಯಿ ಪೋಡಿ ಕರಿದು ಗೋಡೆಯ ಮೇಲಿಟ್ಟರು, ಕೋಪವನ್ನು ಮುಂದಕ್ಕೆ ಹಾಕಬೇಕಾಯಿತು.

ಆಮೇಲೆ ಆ ಅಂಗಳಕ್ಕೆ ಬಂದ ಚಿಟ್ಟೆಗಳ ಮೇಲಿನ ಪ್ರೀತಿಯಿಂದ ಅವರು ಬೀಗ ಹಾಕಿದರು ಎಂದು ಯಾರಾದರೂ ತಿಳಿದುಕೊಂಡರೆ ತಪ್ಪು. ಶುದ್ಧ ಸಿಟ್ಟಿನಿಂದ ಹಾಕಿದ್ದು. ಆದರೆ ಹೂ ಕೀಳದೆ ಬಿಟ್ಟರೆ ಗಿಡ ಏನು ಮಾಡುತ್ತದೆ ಎಂಬುದು ಆ ಅಂಗಳದಲ್ಲಿ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಶ್ರಾವಣಕ್ಕೆ ಒಂದು ಸಲ ಬೋಳಾಗುವುದು, ಚೌತಿಗೆ ಇನ್ನೊಂದು ಸಲ, ನವರಾತ್ರಿಗೆ ಮತ್ತೊಂದು. ಅಷ್ಟರಲ್ಲಿ ಮಳೆ ನಿಂತು, ಗಿಡಗಳು ಕಡ್ಡಿಯಾಗಿ ನಿಂತಿರುತ್ತಿದ್ದವು. ಈ ಸಲ ಹಬ್ಬಗಳೆಲ್ಲ ಹಾದುಹೋದವು, ಬೀಗ ತೆಗೆಯಲಿಲ್ಲ.

ಅಕ್ಟೋಬರಿನ ಬಿಸಿಲು ಬಿದ್ದದ್ದೇ ತಡ, ಆ ಅಂಗಳ ನೋಡಬೇಕಿತ್ತು. ಶಂಖಪುಷ್ಪ ಗೋಡೆ ಹತ್ತಿ ನಮ್ಮ ಕಡೆಗೆ ಇಳಿದು ಬಟ್ಟೆ ಒಣಗಿಸುವ ಹಗ್ಗವನ್ನು ಹಿಡಿದುಕೊಂಡಿತು. ಕೇಪಳದಲ್ಲಿ ಒಂದೇ ಗೊಂಚಲಿನಲ್ಲಿ ಹೂವೂ ಹಣ್ಣೂ, ಹಣ್ಣು ಮೊದಲು ಕೆಂಪು, ಆಮೇಲೆ ಕಪ್ಪು. ಬಾಯಿಗೆ ಹಾಕಿದರೆ ಒಗರು ಬೆರೆತ ಸಿಹಿ. ಲಾಂಟಾನಾದ ಕರಿಮಣಿಯಂಥ ಕಾಯಿಗಳಿಗೆ ಪಿಕಳಾರಗಳ ಗಲಾಟೆ. ರತ್ನಗಂಧಿಯ ಕಾಯಿ ಬಿಸಿಲಿಗೆ ಒಣಗಿ ಟಪ್ಪೆಂದು ಒಡೆದು ಬೀಜ ಜಗಲಿಯವರೆಗೆ ಸಿಡಿಯುತ್ತಿತ್ತು. ಅಷ್ಟಾದರೂ ಮೇಲಿನ ಕೊಂಬೆಗಳಲ್ಲಿ ಹೊಸ ಹೂ ಬರುವುದು ನಿಲ್ಲಲಿಲ್ಲ.

ಆಮೇಲೆ ಚಿಟ್ಟೆಗಳು. ಮೊದಲು ಅರಿಶಿನ ಬಣ್ಣದ ಚಿಕ್ಕವು, ರತ್ನಗಂಧಿಯ ಸುತ್ತ. ಅವುಗಳ ಹಸಿರು ಹುಳ ಅದರ ಎಲೆಯನ್ನೇ ತಿಂದು ಬೆಳೆಯುತ್ತದೆಂದು ನಮಗೆ ತಡವಾಗಿ ಗೊತ್ತಾಯಿತು. ನಿಂಬೆಗೂ ಕರಿಬೇವಿಗೂ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳಗಳು ಬಂದವು. ತಿಂದು ತಿಂದು ಕರಿಬೇವಿನ ಗಿಡದಲ್ಲಿ ಕಡ್ಡಿ ಮಾತ್ರ ಉಳಿಸಿದವು. ಆ ತಿಂಗಳು ಪ್ರಫುಲ್ಲಕ್ಕನ ಮನೆಯ ಒಗ್ಗರಣೆಗೆ ಕರಿಬೇವು ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಗೈಗಿಂತ ದೊಡ್ಡ ಕಪ್ಪು ಚಿಟ್ಟೆ, ರೆಕ್ಕೆಯಲ್ಲಿ ನೀಲಿ ಬಳಿದಂಥದ್ದು, ಕೇಪಳದ ಮೇಲೆ ಹಾರುತ್ತ ಹಾರುತ್ತಲೇ ಕುಡಿಯುತ್ತಿತ್ತು. ಅದರ ಹೆಸರು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಇಬ್ಬರೂ ಹಲ್ಲುಜ್ಜುವುದನ್ನು ಬಿಟ್ಟು ಗೋಡೆಯ ಎರಡೂ ಬದಿ ಬ್ರಷ್ ಹಿಡಿದು ನಿಂತೆವು.

"ಟೀಚರೇ" ಎಂದರು ಅವರು, ಬಾಯಲ್ಲಿ ಪೇಸ್ಟು ಇದ್ದ ಹಾಗೆಯೇ. "ಇಷ್ಟು ವರ್ಷ ನಾವು ಈ ಗಿಡಗಳನ್ನು ಹೂವಿನಿಂದ ಕಾಯಿಯವರೆಗೆ ಹೋಗಲಿಕ್ಕೇ ಬಿಡಲಿಲ್ಲ. ನೋಡಿ, ಶ್ರಾವಣ ಹೋಗಿ ಎಷ್ಟು ದಿನ ಆಯಿತು. ನಿನ್ನದು ಮುಗಿಯಿತು, ಒಳಗೆ ಹೋಗು ಅಂತ ಇವಕ್ಕೆ ಯಾರೂ ಹೇಳಲಿಲ್ಲ. ಇವು ಹೂ ಬಿಡುತ್ತಲೇ ಉಂಟು."

ಹೇಳಿ ಮುಗಿಸುವಾಗ ಅಳುತ್ತಿದ್ದರು. ಕಾಮತರು ಹೋದ ದಿನ ಅವರು ಅತ್ತದ್ದು ನಾನು ನೋಡಿದ್ದೇನೆ. ಇದು ಆ ಅಳು ಅಲ್ಲ. ಇದು ಸಿಟ್ಟಿನ ಅಳು.

ಶಾಂತೇರಿ ಪೈಯವರ ಕರಿಬೇವಿಗೂ ಹುಳ ಹಿಡಿದಾಗ ಅವರು ಓಣಿಯೆಲ್ಲ ಕೇಳುವಂತೆ ಕೂಗಾಡಿದರು. "ಕಾಡು ಮಾಡಿಟ್ಟಿದ್ದಾಳೆ, ನಾಳೆ ಹಾವು ಬಂದರೆ ಯಾರು ಜವಾಬ್ದಾರಿ?" ಪ್ರಫುಲ್ಲಕ್ಕ ಗೇಟಿನ ಮೇಲೆ ಕೈಯೂರಿ ನಿಂತು, "ನಮ್ಮಲ್ಲಿ ಊಟ ಮುಗಿಯಿತು ವನ್ನೀ, ಪಂಕ್ತಿ ನಿಮ್ಮಲ್ಲಿಗೆ ಬಂತು. ಬಡಿಸಿ" ಎಂದರು. ತುಳಸಿ ಪೂಜೆ ಹತ್ತಿರ ಬಂದಾಗ ಅದೇ ಶಾಂತೇರಿಯವರಿಗೆ ಕಾಯಿ ಇರುವ ನೆಲ್ಲಿಯ ಕೊಂಬೆ ಬೇಕಾಯಿತು. ಪ್ರಫುಲ್ಲಕ್ಕನ ಹಿತ್ತಲಿನ ಮರದಲ್ಲಿ ಕೊಂಬೆ ಬಾಗುವಷ್ಟು ಕಾಯಿ. ಅವರು ತಾವೇ ಒಂದು ಕೊಂಬೆ ಮುರಿದು ಗೇಟಿನ ಮೇಲಿನಿಂದ ಚಾಚಿದರು. "ನನ್ನ ಮುಖ ನೋಡಿ, ನನ್ನ ಕೈಯಿಂದ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ." ಶಾಂತೇರಿಯವರು ಒಂದು ಗಳಿಗೆ ನಿಂತು, ಪೇಟೆಯಲ್ಲಿ ಸಿಗುತ್ತದೆ ಎಂದು ಹೇಳಿ ಹೋದರು. ಪೇಟೆಯಲ್ಲಿ ಸಿಕ್ಕಿದ್ದು ಕಾಯಿಯಿಲ್ಲದ ಬರೀ ಸೊಪ್ಪು.

ತುಳಸಿ ಪೂಜೆಯ ಮರುದಿನ ನಸುಕಿನಲ್ಲಿ ಪಕ್ಕದ ಅಂಗಳದಲ್ಲಿ ಯಾರೋ ಓಡಾಡುವ ಸದ್ದು. ಹೋಗಿ ನೋಡಿದರೆ ಪ್ರಫುಲ್ಲಕ್ಕ ತಟ್ಟೆ ಹಿಡಿದು ಹೂ ಕೊಯ್ಯುತ್ತಿದ್ದಾರೆ. ಜಗಲಿಯಲ್ಲಿ ನೀರಿನ ಬಟ್ಟಲು, ಅದರಲ್ಲಿ ಬಾಳೆನಾರು.

"ಎಂತ ಮಾಡುತ್ತಿದ್ದೀರಿ?"

"ಚೂಡಿ."

"ಈಗ? ಶ್ರಾವಣ ಹೋಯಿತು, ದೀಪಾವಳಿ ಹೋಯಿತು, ಕಾರ್ತಿಕದಲ್ಲಿ ಯಾವ ಚೂಡಿ?"

"ಶ್ರಾವಣದಲ್ಲಿ ನನ್ನನ್ನು ಒಳಗೆ ಕೂರಿಸಿದರಲ್ಲ. ಈಗ ಹೊರಗೆ ಬಂದಿದ್ದೇನೆ." ಕಪ್ಪಾದ ಕೇಪಳದ ಹಣ್ಣಿನ ಒಂದು ಗೊಂಚಲನ್ನೂ ಹೂವಿನ ಜೊತೆ ಸೇರಿಸಿದರು. ಚೂಡಿಯಲ್ಲಿ ಹಣ್ಣು ಹಾಕುವ ಕ್ರಮ ಇಲ್ಲ, ಅದು ನನಗೂ ಗೊತ್ತು. "ಇದು ವಿಜೇತಾಗೆ. ತಾಯಿ ಮಗಳಿಗೆ ಹೂ ಕಳಿಸಬಾರದು ಎನ್ನುವವರ ಮುಖ ನಾನೂ ಸ್ವಲ್ಪ ನೋಡಬೇಕು."

ಅರಿಶಿನ ಕುಂಕುಮದ ಪೊಟ್ಟಣ ಇಟ್ಟು, ಲಕೋಟೆ ಅಂಟಿಸಿ, ತಾವೇ ಪೇಟೆಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಂದರು. ಆದರೆ ಒಂದು ಎಡವಟ್ಟಾಗಿತ್ತು. ಇಷ್ಟು ವರ್ಷ ಶ್ರಾವಣದಲ್ಲಿ ವಾರಕ್ಕೆರಡು ಸಲ ಕೊಯ್ದ ಗಿಡದಲ್ಲಿ ಹುಳ ನಿಲ್ಲುತ್ತಿರಲಿಲ್ಲ, ಆದ್ದರಿಂದ ಎಲೆ ಮಗುಚಿ ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ರತ್ನಗಂಧಿಯ ಹಸಿರು ಎಲೆಯ ಮೇಲೆ ಹಸಿರು ಹುಳ, ಅದೂ ನಸುಕಿನ ಬೆಳಕಿನಲ್ಲಿ. ಅದನ್ನೂ ಸೇರಿಸಿ ಕಟ್ಟಿಬಿಟ್ಟಿದ್ದರು.

ಮರುದಿನ ಮಧ್ಯಾಹ್ನ ವಿಜೇತಾಳ ಫೋನು, ಬ್ಯಾಂಕಿನಿಂದ. ಅಳು ತಡೆದುಕೊಂಡು ಮಾತಾಡುತ್ತಿದ್ದಳು. "ಅಮ್ಮಾ, ನೀನು ಎಂತ ಕಳಿಸಿದ್ದು? ಅತ್ತೆ ಒಬ್ಬರೇ ಮನೆಯಲ್ಲಿದ್ದರು, ಬಿಡಿಸಿದರಂತೆ, ಒಳಗಿನಿಂದ ಜೀವಂತ ಹುಳ ಊಟದ ಮೇಜಿನ ಮೇಲೆ ನಡೆದುಕೊಂಡು ಹೋಯಿತಂತೆ. ಅಪಶಕುನ ಅಂತ ತೆಗೆದು ತೆಂಗಿನ ಬುಡಕ್ಕೆ ಬಿಸಾಡಿದರಂತೆ. ಬೇಡ ಅಂತ ಹೇಳಿದ್ದೆನಲ್ಲ ನಾನು?"

ಪ್ರಫುಲ್ಲಕ್ಕ ಮೊದಲು ಕೇಳಿದ್ದು, "ಹುಳ ಬದುಕಿತ್ತಾ?" ಎಂದು. ಫೋನಿಟ್ಟ ಮೇಲೆ ಮೆಟ್ಟಿಲಿನ ಮೇಲೆ ಕುಳಿತರು. "ಬಿಸಾಡಿದರಂತೆ ಟೀಚರೇ. ನನ್ನ ಮಗಳು ನೋಡಲೂ ಇಲ್ಲ." ಸ್ವಲ್ಪ ಹೊತ್ತಿನಲ್ಲಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಭಾನುವಾರ ಮಣಿಪಾಲಕ್ಕೆ ಬರುತ್ತೀರಾ? ಜಗಳ ಆದರೆ ಸಾಕ್ಷಿಗೆ ಒಬ್ಬರು ಬೇಕು."

ಭಾನುವಾರ ನಾನು ಇಗರ್ಜಿಯ ಬೆಳಗಿನ ಪೂಜೆಗೆ ಹೋಗಿ ಬರುವಷ್ಟರಲ್ಲಿ ಅವರು ಎರಡು ಚೂಡಿ ಕಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಮಲಗಿಸಿದ್ದರು. ಈ ಸಲ ಕನ್ನಡಕ ಹಾಕಿ ಒಂದೊಂದು ಎಲೆಯನ್ನೂ ಇಬ್ಬರೂ ಮಗುಚಿ ನೋಡಿದೆವು. ಮೂರನೆಯದೊಂದು ಅವರ ತಲೆಯಲ್ಲಿತ್ತು. ತುರುಬಿನ ಬಲಕ್ಕೆ, ಎಲ್ಲರಿಗೂ ಕಾಣುವ ಹಾಗೆ.

ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಕಾಮತರ ಅಂಗಡಿಗೆ ಬರುತ್ತಿದ್ದ ಒಬ್ಬಾಕೆ ನೋಡಿ, ನಮಸ್ಕಾರ ಹೇಳಲು ಎತ್ತಿದ ಕೈಯನ್ನು ಹಾಗೆಯೇ ಕೂದಲು ಸರಿಮಾಡಿಕೊಳ್ಳಲು ಉಪಯೋಗಿಸಿದಳು. ಪ್ರಫುಲ್ಲಕ್ಕ ತಾವೇ ಕೂಗಿ ಮಾತಾಡಿಸಿದರು. ಬಸ್ಸು ಬೈಲೂರು, ಹಿರಿಯಡ್ಕ ದಾಟುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಪರ್ಕಳ ಬಂದಾಗ, "ಅವಳು ಬೇಡ ಅಂದರೆ ಎಂತ ಮಾಡುವುದು ಟೀಚರೇ?" ಎಂದರು. ಅತ್ತೆ ಎಂತ ಹೇಳುತ್ತಾರೆ ಎಂದು ಅವರಿಗೆ ಹೆದರಿಕೆ ಇರಲಿಲ್ಲ. ಮಗಳು ಕೈ ಚಾಚದಿದ್ದರೆ ಎನ್ನುವುದೇ ಹೆದರಿಕೆ.

ವಿಜೇತಾಳ ಅತ್ತೆ ಮುಕ್ತಾ ಶೆಣೈ ಬಾಗಿಲು ತೆರೆದರು. ಬಿಳಿ ಕೂದಲು, ಬರಿದಾದ ಹಣೆ, ಇಸ್ತ್ರಿ ಮಾಡಿದ ತಿಳಿ ಬಣ್ಣದ ಸೀರೆ. ಅವರ ಮಗ ಕೀರ್ತನ್ ಹೈಸ್ಕೂಲಿನಲ್ಲಿದ್ದಾಗಲೇ ಗಂಡ ತೀರಿಕೊಂಡವರು. ಮರ್ಯಾದೆಗೆ ಕಡಿಮೆ ಮಾಡುವ ಹೆಂಗಸಲ್ಲ. "ಬನ್ನಿ, ಕುಳಿತುಕೊಳ್ಳಿ" ಎಂದರು, ಕಾಫಿ ತಂದರು. ಕೀರ್ತನ್ ಮೀನಿನ ಮಾರ್ಕೆಟ್ಟಿಗೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ. ವಿಜೇತಾ ಅಡುಗೆಮನೆಯ ಬಾಗಿಲಲ್ಲಿ ಬಂದು ತಾಯಿಯ ತಲೆ ನೋಡಿ ಅಲ್ಲೇ ನಿಂತಳು.

"ತಲೆಯಲ್ಲಿ ಎಂತ ಅದು?" ಎಂದರು ಮುಕ್ತಾ ಬಾಯಿ, ಕಾಫಿ ಮುಗಿಯುವವರೆಗೆ ಕಾದು.

"ಚೂಡಿ."

"ಕಾರ್ತಿಕದಲ್ಲಿ?"

"ನನ್ನ ತೋಟದಲ್ಲಿ ಪಂಚಾಂಗ ಇಲ್ಲ."

"ಅದಲ್ಲ ನಾನು ಹೇಳಿದ್ದು. ನಿಮಗೆ..." ಎಂದು ಅವರು ನಿಲ್ಲಿಸಿದರು.

"ನನಗೆ ಎಂತ? ಹೇಳಿ" ಎಂದರು ಪ್ರಫುಲ್ಲಕ್ಕ. "ಬಾಯಿಬಿಟ್ಟು ಹೇಳಿ. ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸುಮ್ಮನೆ ಒಳಗೆ ಇರು ಅಂದರು, ಕಳಿಸಬೇಡ ಅಂದರು. ನಾನು ಪ್ರತಿ ಶ್ರಾವಣದಲ್ಲಿ ನನ್ನ ಯಜಮಾನರಿಗೆ ಚೂಡಿ ಕೊಟ್ಟು ಕಾಲಿಗೆ ಬಿದ್ದವಳು. ಆದರೂ ಅವರು ಹೋದರು. ಅದರಲ್ಲಿ ಹೂವಿನ ತಪ್ಪು ಎಂತ, ನನ್ನ ತಪ್ಪು ಎಂತ? ಇವಳನ್ನು ಹೆತ್ತವಳ ಕೈ ಇದು. ಇವಳಿಗೆ ಒಳ್ಳೆಯದಾಗಲಿ ಅಂತ ನಾಲ್ಕು ಹೂ ಕಟ್ಟಿದರೆ ಈ ಕೈಯಿಂದ ಕೆಟ್ಟದಾಗುತ್ತದಾ?"

"ನಾನೂ ಒಬ್ಬ ಮಗನನ್ನು ಹೆತ್ತವಳೇ" ಎಂದರು ಮುಕ್ತಾ ಬಾಯಿ. ಅವರ ಧ್ವನಿ ಒಮ್ಮೆಲೇ ಏರಿತು. "ಅವನಪ್ಪ ಹೋದ ದಿನದಿಂದ ನಾನು ಒಂದು ಚೂಡಿ ಮುಟ್ಟಲಿಲ್ಲ. ಇವಳು ಕಟ್ಟುವಾಗ ನಾನು ಹಿಂದಿನ ಕೋಣೆಗೆ ಹೋಗಿ ಕೂರುತ್ತೇನೆ. ಯಾರೂ ಹೋಗು ಅಂತ ಹೇಳುವುದಿಲ್ಲ, ನಾನೇ ಹೋಗುತ್ತೇನೆ. ನನಗೆ ಆಸೆ ಇರಲಿಲ್ಲ ಅಂತ ಎಣಿಸಿದಿರಾ ನೀವು? ನಿಮಗೆ ಒಂದು ಶ್ರಾವಣ ತಡೆಯಲಿಕ್ಕೆ ಆಗಲಿಲ್ಲ ಅಲ್ವಾ?"

"ಆಗಲಿಲ್ಲ" ಎಂದರು ಪ್ರಫುಲ್ಲಕ್ಕ. "ನಿಮಗೂ ಆಗಬಾರದಿತ್ತು."

ಪ್ರಫುಲ್ಲಕ್ಕ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು ಮಗಳ ಕಡೆ ನೋಡಿದರು. "ತೆಗೆದುಕೋ." ವಿಜೇತಾ ಅತ್ತೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಅವಳ ಕೈ ಮೇಲೇಳಲಿಲ್ಲ. ಪ್ರಫುಲ್ಲಕ್ಕನ ಕಣ್ಣು ತುಂಬಿತು, ಆದರೆ ಡಬ್ಬಿಯನ್ನು ಹಿಂದೆ ಎಳೆದುಕೊಳ್ಳಲಿಲ್ಲ.

ಕೈ ಹಾಕಿದವರು ಮುಕ್ತಾ ಬಾಯಿ. ಒಂದು ಚೂಡಿಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹುಳ ಹುಡುಕುತ್ತಿದ್ದಾರೆ ಎಂದುಕೊಂಡು ನಾನು ಮನಸ್ಸಿನಲ್ಲೇ ಮರಿಯಮ್ಮನಿಗೆ ಹರಕೆ ಹೊತ್ತೆ.

"ಯಾರು ಕಟ್ಟಿದ್ದು ಇದು?"

"ನಾನೇ."

"ಇದು ಕಟ್ಟುವುದಾ? ಗರಿಕೆ ಜಾರುತ್ತಾ ಉಂಟು. ಹಣ್ಣಿನ ಭಾರಕ್ಕೆ ಹೂ ಎಲ್ಲ ಒಂದು ಕಡೆ ವಾಲಿದೆ. ಕಾಪುವಿನಲ್ಲಿ ಹೀಗೆಯೇ ಕಟ್ಟುವುದಾ?" ಹೇಳುತ್ತ ಹೇಳುತ್ತ ಅವರ ಬೆರಳುಗಳು ನಾರು ಬಿಚ್ಚಿದ್ದವು. ಹೂಗಳನ್ನು ಮೊಣಕಾಲಿನ ಮೇಲೆ ಹರಡಿದರು. ಹಣ್ಣನ್ನು ನಡುವಿಗೆ ತಂದರು, ಗರಿಕೆಯನ್ನು ಹಿಂದಕ್ಕೆ ಹಾಕಿದರು, ನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸರಸರನೆ ಸುತ್ತಿ ಗಂಟು ಬಿಗಿದರು. ಅಷ್ಟು ವರ್ಷ ಮುಟ್ಟದ ಕೈ ಎಂದು ಯಾರೂ ಹೇಳುವಂತಿರಲಿಲ್ಲ. ಗಂಟು ಬಿಗಿದ ಮೇಲೆಯೇ ತಾನು ಏನು ಮಾಡಿದೆ ಎಂದು ಅವರಿಗೆ ತಿಳಿದದ್ದು.

ಆಮೇಲೆ ಸೊಸೆಯನ್ನು ಗದರಿಸಿದರು. "ಏನು ನೋಡುತ್ತಾ ನಿಂತಿದ್ದೀ? ನಿನ್ನ ತಾಯಿ ಬಸ್ಸಿನಲ್ಲಿ ಹೊತ್ತುಕೊಂಡು ಬಂದದ್ದು ಇದು. ಎರಡೂ ಕೈಯಲ್ಲಿ ತೆಗೆದುಕೋ."

ಆದರೆ ತಾವೇ ಕೊಡಲಿಲ್ಲ, ಪ್ರಫುಲ್ಲಕ್ಕನ ಕೈಗಿಟ್ಟರು. ವಿಜೇತಾ ಓಡಿಬಂದು ತಾಯಿಯ ಮುಂದೆ ಸೆರಗು ಒಡ್ಡುವ ಹಾಗೆ ಚೂಡಿದಾರದ ಶಾಲನ್ನು ಒಡ್ಡಿದಳು. ತೆಗೆದುಕೊಂಡು ಕಣ್ಣಿಗೊತ್ತಿ, ತಾಯಿಯ ಭುಜಕ್ಕೆ ಮುಖ ಒತ್ತಿ ಅತ್ತಳು. ನಾನು ತಣ್ಣಗಾದ ಕಾಫಿಯನ್ನು ಬಿಸಿಯಿರುವ ಹಾಗೆ ಊದಿ ಊದಿ ಕುಡಿದೆ.

ಮುಕ್ತಾ ಬಾಯಿಗೆ ಇದೆಲ್ಲ ಸಾಕಾಯಿತು ಎಂದು ಕಾಣುತ್ತದೆ. "ಮುಂದಿನ ಶ್ರಾವಣದಲ್ಲಿ ಹೀಗೆ ಸಡಿಲ ಕಟ್ಟಿ ಕಳಿಸಿದರೆ ಲಕೋಟೆ ಹಾಗೆಯೇ ವಾಪಸ್ ಬರುತ್ತದೆ, ಈಗಲೇ ಹೇಳಿದ್ದೇನೆ" ಎಂದರು.

"ನಾನು ಸಡಿಲವೇ ಕಟ್ಟುವುದು" ಎಂದರು ಪ್ರಫುಲ್ಲಕ್ಕ, ಕಣ್ಣೊರೆಸಿಕೊಳ್ಳದೆಯೇ. "ಬಿಗಿ ಬೇಕಿದ್ದರೆ ಕುಕ್ಕುಂದೂರಿಗೆ ಬಂದು ನೀವೇ ಕಟ್ಟಿ. ಓಣಿಯವರೆಲ್ಲ ನೋಡಲಿ."

ಮುಕ್ತಾ ಬಾಯಿ ಡಬ್ಬಿಯಲ್ಲಿ ಉಳಿದಿದ್ದ ಇನ್ನೊಂದು ಚೂಡಿಯ ಮೇಲೆ ಒದ್ದೆ ಬಟ್ಟೆಯನ್ನು ಸರಿಯಾಗಿ ಹೊದಿಸಿ, ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಟೀಚರೇ, ಬೆಳಿಗ್ಗೆ ಇಲ್ಲಿಂದ ಕಾರ್ಕಳಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ?"